ತಾತನ ಫಿಯಟ್ಟು ಓಡುವ ಮೊದಲು ನಿಲ್ಲುವುದನ್ನು ಕಲಿಯಲಿ

ಪ್ರಶ್ನೆ: ನಮ್ಮ ತಾತ ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡುತ್ತಿದ್ದರು. 1993ರ ಜೂನ್‌ನಲ್ಲಿ ಹೊಸದಾಗಿ ಕೊಂಡ, ಜನ ಫಿಯಟ್ ಅಂತಲೇ ಕರೆಯುವ ಪ್ರೀಮಿಯರ್ ಪದ್ಮಿನಿ ಅವರದು, ಸ್ಟೇರಿಂಗ್ ಪಕ್ಕದಲ್ಲೇ ಗೇರ್ ಲಿವರ್ ಇರುವ ಹ್ಯಾಂಡ್ ಗೇರಿನ ಗಾಡಿ, ಕೆಎ-06 ನಂಬರು. ಕಣ್ಣು ಮಂಜಾದ ಮೇಲೆ ಓಡಿಸುವುದು ಬಿಟ್ಟರು. ಈಗ ತಾತ ಇಲ್ಲ. ಗಾಡಿ ಗುಬ್ಬಿ ಹತ್ತಿರದ ನಮ್ಮ ಊರಿನ ಕೊಟ್ಟಿಗೆಯಲ್ಲಿ ನಿಂತು ನಾಲ್ಕು ವರ್ಷವಾಯಿತು. ಆರ್‌ಸಿ 2023ಕ್ಕೇ ಮುಗಿದಿದೆ, ಇನ್ಶೂರೆನ್ಸ್ ಇಲ್ಲ. ಅಜ್ಜಿ ‘ನೀನೇ ಇಟ್ಕೋ’ ಅಂದಿದ್ದಾರೆ. 15 ವರ್ಷ ದಾಟಿದ ಗಾಡಿ ರಸ್ತೆಗೆ ತಂದರೆ ಪೊಲೀಸರು ಸೀಜ್ ಮಾಡುತ್ತಾರೆ ಅನ್ನುತ್ತಾರೆ ಚಿಕ್ಕಪ್ಪ. ತಮ್ಮ ಹೊಸ ಬ್ಯಾಟರಿ ತಂದಿದ್ದಾನೆ, ಈ ಭಾನುವಾರ ಸ್ಟಾರ್ಟ್ ಮಾಡಿಯೇ ತೀರುತ್ತೇನೆ ಎನ್ನುತ್ತಿದ್ದಾನೆ. ಗ್ಯಾರೇಜಿನವರೊಬ್ಬರು ಮಾರುತಿ ಇಂಜಿನ್ ಕೂರಿಸಿಬಿಡೋಣ ಎನ್ನುತ್ತಾರೆ. ಗುಜರಿಯವರು ಎರಡು ಸಲ ಬಂದು ಹೋದರು. ಈಗಿನ ಪೆಟ್ರೋಲು ಹಾಕಿದರೆ ಹಳೇ ಇಂಜಿನ್ ಸತ್ತೇ ಹೋಗುತ್ತದೆ ಅಂತಲೂ ಕೇಳಿದೆ. ನಾನು ತುಮಕೂರಿನಲ್ಲಿ ಬ್ಯಾಂಕ್ ಕೆಲಸದಲ್ಲಿದ್ದೇನೆ, ಕಾರು ಓಡಿಸಲು ಬರುತ್ತದೆ, ರಿಪೇರಿ ಗೊತ್ತಿಲ್ಲ. ಇದನ್ನು ಇಟ್ಟುಕೊಳ್ಳುವುದು ಬುದ್ಧಿವಂತಿಕೆಯೇ? ಅಜ್ಜಿಯನ್ನು ಕೂರಿಸಿಕೊಂಡು ದೇವರಾಯನದುರ್ಗದ ಬೆಟ್ಟಕ್ಕೆ ಹೋಗಿಬರುವಷ್ಟು ಆದರೆ ಸಾಕು ನನಗೆ.

ಉತ್ತರ: ನಿಮ್ಮ ಪತ್ರದಲ್ಲಿ ಚಿಕ್ಕಪ್ಪ, ತಮ್ಮ, ಗ್ಯಾರೇಜಿನವರು, ಗುಜರಿಯವರು ಎಲ್ಲರ ಮಾತೂ ಇದೆ. ನಿಮ್ಮದು ಅಂತ ಇರುವುದು ಕೊನೆಯ ಎರಡು ಸಾಲು. ಅದಕ್ಕೆ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಇಟ್ಟುಕೊಳ್ಳಬಹುದು, ಅಜ್ಜಿಯನ್ನು ದೇವರಾಯನದುರ್ಗಕ್ಕೂ ಕರೆದುಕೊಂಡು ಹೋಗಬಹುದು, ಆದರೆ ಈ ತಿಂಗಳಲ್ಲ. ಈಗ ಅರ್ಜೆಂಟಾಗಿ ಆಗಬೇಕಾದ್ದು ಒಂದೇ: ತಮ್ಮನ ಕೈಯಿಂದ ಆ ಬ್ಯಾಟರಿ ಈಸಿಕೊಳ್ಳಿ.

ನಿಂತ ಗಾಡಿ ಕಂಡರೆ ಎಲ್ಲರಿಗೂ ಹುಟ್ಟುವ ಪ್ರಶ್ನೆ ‘ಸ್ಟಾರ್ಟ್ ಆಗುತ್ತಾ?’ ಎಂಬುದು. ಪದ್ಮಿನಿಯಂಥ ಗಟ್ಟಿ ಗಾಡಿ ಬಹುಪಾಲು ಸ್ಟಾರ್ಟ್ ಆಗಿಯೂ ಬಿಡುತ್ತದೆ. ಅಪಾಯ ಅಲ್ಲೇ ಇರುವುದು. ಸ್ಟಾರ್ಟ್ ಆದ ಖುಷಿಗೆ ಯಾರಾದರೂ ಗೇರ್ ಹಾಕಿ ಅಂಗಳ ದಾಟಿಸುತ್ತಾರೆ, ಬ್ರೇಕ್ ಪೆಡಲ್ ತುಳಿದರೆ ಅದು ನೆಲಕ್ಕೆ ಹೋಗಿ ಕೂರುತ್ತದೆ. ನಮ್ಮ ಗ್ಯಾರೇಜಿಗೆ ಬರುವ ಹಳೆಯ ಗಾಡಿಗಳಲ್ಲಿ ನಿಂತು ಕೆಟ್ಟವಕ್ಕಿಂತ, ನಿಂತ ಮೇಲೆ ಅವಸರದಲ್ಲಿ ಸೆಲ್ಫ್ ಹೊಡೆದು ಕೆಡಿಸಿಕೊಂಡವಕ್ಕೇ ಖರ್ಚು ಜಾಸ್ತಿ.

ನಾಲ್ಕು ವರ್ಷದಲ್ಲಿ ಒಳಗೆ ಏನಾಗಿರುತ್ತದೆ ನೋಡಿ. ಇಂಜಿನ್ ಎಲ್ಲಿ ನಿಂತಿತೋ ಅಲ್ಲಿ ಒಂದೋ ಎರಡೋ ವಾಲ್ವು ತೆರೆದೇ ಇರುತ್ತದೆ. ಆ ಸಿಲಿಂಡರಿಗೆ ಮಳೆಗಾಲದ ತೇವದ ಗಾಳಿ ಹೋಗಿ ಬಂದು, ಪಿಸ್ಟನ್ ರಿಂಗು ಸಿಲಿಂಡರಿನ ಒಳಗೋಡೆಗೆ, ಅಂದರೆ ಬೋರಿಗೆ, ತುಕ್ಕಿನಲ್ಲಿ ಅಂಟಿಕೊಂಡಿರಬಹುದು. ಹೊಸ ಬ್ಯಾಟರಿಯ ಬಲದಲ್ಲಿ ಒಮ್ಮೆಲೇ ತಿರುಗಿಸಿದರೆ ರಿಂಗ್ ಮುರಿಯುತ್ತದೆ, ಇಲ್ಲವೇ ಬೋರಿನಲ್ಲಿ ಗೀರು ಬೀಳುತ್ತದೆ. ನೂರರ ಲೆಕ್ಕದಲ್ಲಿ ಮುಗಿಯಬೇಕಾಗಿದ್ದ ಕೆಲಸ ಇಂಜಿನ್ ಬಿಚ್ಚುವ ತನಕ ಹೋಗುತ್ತದೆ. ಬೇರಿಂಗು, ಕ್ಯಾಮ್‌ಶಾಫ್ಟಿನ ಮೇಲಿದ್ದ ಆಯಿಲೆಲ್ಲ ಇಂಜಿನ್ ತಳದ ತೊಟ್ಟಿಗೆ ಇಳಿದು ಲೋಹ ಒಣಗಿರುತ್ತದೆ. ಟ್ಯಾಂಕಿನ ಪೆಟ್ರೋಲು ಹಳಸಿ ವಾರ್ನಿಶ್ ವಾಸನೆ ಬರುತ್ತಿರುತ್ತದೆ. ಅದು ಗಾಳಿಗೆ ಪೆಟ್ರೋಲು ಬೆರೆಸುವ ಕಾರ್ಬೊರೇಟರಿನ ಸಣ್ಣ ತೂತಿನ ಜೆಟ್ಟುಗಳಲ್ಲಿ ಒಣಗಿದರೆ ಅಂಟಿನ ಪದರವಾಗುತ್ತದೆ. ಇನ್ನು ಕೊಟ್ಟಿಗೆ ಅಂದಮೇಲೆ ಹುಲ್ಲು, ಹುಲ್ಲು ಅಂದಮೇಲೆ ಇಲಿ. ಏರ್ ಫಿಲ್ಟರಿನ ಡಬ್ಬದಲ್ಲಿ, ಡ್ಯಾಶ್‌ಬೋರ್ಡಿನ ಹಿಂದೆ, ಹಿಂದಿನ ಸೀಟಿನ ಕೆಳಗೆ ಗೂಡು ಕಟ್ಟಿರುತ್ತದೆ. ವೈರಿನ ಪ್ಲಾಸ್ಟಿಕ್ ಕಡಿದು ತಾಮ್ರ ಕಾಣುತ್ತಿರುವ ಗಾಡಿಗೆ ಬ್ಯಾಟರಿ ಜೋಡಿಸಿದರೆ ಕೊಟ್ಟಿಗೆಗೇ ಬೆಂಕಿ.

ಹಾಗಾಗಿ ಕ್ರಮ ಹೀಗಿರಲಿ. ಬ್ಯಾಟರಿ ಇಲ್ಲದೆಯೇ ಬಾನೆಟ್ ಎತ್ತಿ, ಟಾರ್ಚ್ ಹಿಡಿದು, ವೈರನ್ನೆಲ್ಲ ಕಣ್ಣಿನಲ್ಲೇ ಹಿಂಬಾಲಿಸಿ ನೋಡಿ. ಗೂಡುಗಳನ್ನು ತೆಗೆಸಿ. ಟ್ಯಾಂಕು ಖಾಲಿ ಮಾಡಿಸಿ. ತಳದಲ್ಲಿ ಕಂದು ಪುಡಿ ಇದ್ದರೆ ಟ್ಯಾಂಕು ಇಳಿಸಿ ತೊಳೆಸಲೇಬೇಕು. ನಾಲ್ಕೂ ಪ್ಲಗ್ ಬಿಚ್ಚಿ ಒಂದೊಂದು ಸಿಲಿಂಡರಿಗೂ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ರಾತ್ರಿಯಿಡೀ ಹಾಗೇ ಬಿಡಿ. ಮರುದಿನ ಕ್ರ್ಯಾಂಕ್ ಪುಲ್ಲಿಯ ನಟ್ಟಿಗೆ ಸ್ಪ್ಯಾನರ್ ಹಾಕಿ ಕೈಯಲ್ಲೇ ಮೆಲ್ಲಗೆ ತಿರುಗಿಸಿ. ತಿರುಗಿದರೆ ಅರ್ಧ ಗೆದ್ದಂತೆ. ತಿರುಗದಿದ್ದರೆ ಬಲ ಹಾಕಬೇಡಿ. ಇನ್ನೂ ಆಯಿಲ್ ಬಿಟ್ಟು ಇನ್ನೆರಡು ದಿನ ಕಾಯಿರಿ. ಆಮೇಲೆ ಹಳೆಯ ಆಯಿಲ್ ಇಳಿಸಿ ಹೊಸದು ಹಾಕಿ, ಪ್ಲಗ್ ಇಲ್ಲದೆಯೇ ಸೆಲ್ಫ್ ಹೊಡೆದು, ಆಯಿಲ್ ಪ್ರೆಶರಿನ ಕೆಂಪು ದೀಪ ಆರುವ ತನಕ ತಿರುಗಿಸಬೇಕು. ಅಷ್ಟಾದ ಮೇಲೆ ಪ್ಲಗ್ಗು, ಹೊಸ ಪೆಟ್ರೋಲು, ಸ್ಟಾರ್ಟು. ಮೊದಲ ಬಾರಿ ಹಾಕಿದ ಆಯಿಲನ್ನು ನೂರಿನ್ನೂರು ಕಿಲೋಮೀಟರಿಗೇ ಬದಲಿಸಿ. ಒಳಗಿನ ಕೊಳೆಯೆಲ್ಲ ಅದರಲ್ಲಿ ಇಳಿದಿರುತ್ತದೆ. ಇಳಿಸಿದ ಹಳೆಯ ಆಯಿಲ್ ಕಾಫಿಗೆ ಹಾಲು ಬೆರೆಸಿದ ಬಣ್ಣಕ್ಕಿದ್ದರೆ ನೀರು ಸೇರಿದೆ, ಹೆಡ್ ಗ್ಯಾಸ್ಕೆಟ್ ನೋಡಿಸಬೇಕು ಎಂದರ್ಥ. ಆಗ ಸ್ಟಾರ್ಟ್ ಮಾಡುವ ಮಾತೇ ಬೇಡ.

ಇಷ್ಟೆಲ್ಲ ಇಂಜಿನ್ ಬಗ್ಗೆ ಹೇಳಿದೆ, ಆದರೆ ದುಡ್ಡಿನ ಮೊದಲ ಕಂತು ಹೋಗಬೇಕಾದ್ದು ಅಲ್ಲಿಗಲ್ಲ, ಬ್ರೇಕಿಗೆ. ನಿಮ್ಮ ಗಾಡಿಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಬ್ರೇಕ್ ಆಯಿಲ್ ಗಾಳಿಯಿಂದ ತೇವ ಹೀರಿಕೊಳ್ಳುವ ವಸ್ತು. ವರ್ಷಗಟ್ಟಲೆ ನಿಂತಾಗ ಆ ತೇವ ಚಕ್ರದಲ್ಲಿ ಬ್ರೇಕ್ ಒತ್ತುವ ವೀಲ್ ಸಿಲಿಂಡರಿನೊಳಗೆ ತುಕ್ಕು ಹಿಡಿಸುತ್ತದೆ, ರಬ್ಬರ್ ಕಪ್ಪುಗಳು ಗಟ್ಟಿಯಾಗುತ್ತವೆ. ಪೆಡಲಿನ ಒತ್ತಡವನ್ನು ಚಕ್ರಗಳಿಗೆ ಕಳಿಸುವ ಮಾಸ್ಟರ್ ಸಿಲಿಂಡರಿನ ರಿಪೇರಿ ಕಿಟ್, ಎಲ್ಲ ವೀಲ್ ಸಿಲಿಂಡರುಗಳು, ಬಗ್ಗುವ ಹೋಸ್ ಪೈಪುಗಳು, ಹೊಸ ಬ್ರೇಕ್ ಆಯಿಲ್ ಇವನ್ನು ಮಿಸ್ತ್ರಿ ‘ಇನ್ನೂ ಚೆನ್ನಾಗಿದೆ ಮೇಡಂ’ ಎಂದರೂ ಬದಲಾಯಿಸಿ. ಈ ಒಂದು ವಿಷಯದಲ್ಲಿ ಚೌಕಾಶಿ ಬೇಡ. ಮಾಸ್ಟರ್ ಸಿಲಿಂಡರ್ ಒಂದೇ ಸರ್ಕಿಟಿನದೋ ಎರಡರದೋ ಎಂದು ಕೇಳಿ ತಿಳಿದುಕೊಳ್ಳಿ. ಒಂದೇ ಆಗಿದ್ದರೆ ಎಲ್ಲೋ ಒಂದು ಕಡೆ ಸೋರಿದರೂ ನಾಲ್ಕೂ ಚಕ್ರದ ಬ್ರೇಕ್ ಒಟ್ಟಿಗೇ ಹೋಗುತ್ತದೆ, ಉಳಿಯುವುದು ಹ್ಯಾಂಡ್ ಬ್ರೇಕ್ ಮಾತ್ರ. ಅದರ ಕೇಬಲ್ಲೂ ಕೆಲಸ ಮಾಡುತ್ತಿರಬೇಕು.

ಟೈರು ನೋಡುವಾಗ ಗುಂಡಿ (ಟ್ರೆಡ್) ಎಷ್ಟಿದೆ ಅಂತಲ್ಲ, ವಯಸ್ಸು ಎಷ್ಟು ಅಂತ ನೋಡಿ. ಪಕ್ಕದ ಗೋಡೆಯ ಮೇಲೆ ನಾಲ್ಕು ಅಂಕಿ ಇರುತ್ತದೆ. 2314 ಎಂದಿದ್ದರೆ 2014ನೇ ಇಸವಿಯ 23ನೇ ವಾರದಲ್ಲಿ ಮಾಡಿದ್ದು ಅಂತ. ಹತ್ತು ವರ್ಷ ದಾಟಿದ ಟೈರು ಎಷ್ಟೇ ಹೊಸದಾಗಿ ಕಂಡರೂ ಎತ್ತಿನ ಗಾಡಿಗೆ ಕೊಡಿ. ಸ್ಟೆಪ್ನಿಯನ್ನು ಮರೆಯಬೇಡಿ, ಸಾಮಾನ್ಯವಾಗಿ ಗಾಡಿಯಲ್ಲಿ ಅತಿ ಹಳೆಯ ಟೈರು ಅದೇ ಆಗಿರುತ್ತದೆ.

ಈಗ ಪೆಟ್ರೋಲಿನ ಭಯ. ಇದರಲ್ಲಿ ಅರ್ಧ ನಿಜ ಇದೆ. ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲಿಗೆ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಕೊಟ್ಟರು, ಈಗ ಹೆಚ್ಚುಕಡಿಮೆ ಎಲ್ಲ ಬಂಕಿನಲ್ಲೂ ಸಿಗುವುದು ಅದೇ. ತಾತ ಗಾಡಿ ಓಡಿಸುತ್ತಿದ್ದ ಕಾಲದ ಪೆಟ್ರೋಲು ಅದಲ್ಲ. ಎಥನಾಲಿನಿಂದ ಇಂಜಿನ್ ಸಾಯುವುದಿಲ್ಲ. ಏಟು ಬೀಳುವುದು ಇಂಜಿನ್ನಿಗೆ ಪೆಟ್ರೋಲು ತಲುಪಿಸುವ ದಾರಿಗೆ. ಹಳೆಯ ರಬ್ಬರ್ ಪೈಪು ಉಬ್ಬುತ್ತದೆ, ಬಿರಿಯುತ್ತದೆ. ನಿಮ್ಮ ಗಾಡಿಯ ಪೆಟ್ರೋಲ್ ಪಂಪು ಇಂಜಿನ್ನಿನ ಪಕ್ಕದಲ್ಲೇ ಕೂತು ರಬ್ಬರ್ ಡಯಾಫ್ರಮ್‌ನಿಂದ ಕೆಲಸ ಮಾಡುವಂಥದ್ದು. ಆ ಡಯಾಫ್ರಮ್ ಹರಿದರೆ ಪೆಟ್ರೋಲು ಹೊರಗೂ ಸೋರಬಹುದು, ಒಳಗೆ ಆಯಿಲಿಗೂ ಬೆರೆಯಬಹುದು. ಹಾಗಾಗಿ ಟ್ಯಾಂಕಿನಿಂದ ಕಾರ್ಬೊರೇಟರಿನ ತನಕ ಇರುವ ರಬ್ಬರ್ ಪೈಪನ್ನೆಲ್ಲ ತೆಗೆದು ಎಸ್‌ಎಇ ಜೆ30 ಆರ್9 ಎಂದು ಬರೆದಿರುವ ಪೈಪು ಹಾಕಿಸಿ, ಪಂಪಿಗೆ ಹೊಸ ಡಯಾಫ್ರಮ್ ಹಾಕಿಸಿ, ಮಧ್ಯೆ ಒಂದು ಪಾರದರ್ಶಕ ಫಿಲ್ಟರ್ ಕೂರಿಸಿ. ಎಥನಾಲು ಹಳೆಯ ಅಂಟನ್ನೆಲ್ಲ ಕರಗಿಸಿ ತರುವುದರಿಂದ ಮೊದಲ ಕೆಲವು ಟ್ಯಾಂಕಿಗೆ ಆ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ಅದನ್ನು ಕಂಡು ಗಾಬರಿ ಬೇಡ, ಬದಲಿಸುತ್ತಿರಿ.

ಇನ್ನೊಂದು ಸೂಕ್ಷ್ಮ ಇದೆ, ಬಹಳ ಗ್ಯಾರೇಜಿನವರು ಹೇಳುವುದಿಲ್ಲ. ಎಥನಾಲಿನಲ್ಲಿ ಆಮ್ಲಜನಕ ಇದೆ. ಹೊಸ ಕಾರಿನ ಕಂಪ್ಯೂಟರು ಅದನ್ನು ತಿಳಿದುಕೊಂಡು ತಾನೇ ಪೆಟ್ರೋಲು ಹೆಚ್ಚು ಬಿಡುತ್ತದೆ. ಕಾರ್ಬೊರೇಟರಿಗೆ ಆ ಬುದ್ಧಿ ಇಲ್ಲ. ಮಿಶ್ರಣ ತೆಳುವಾಗಿ ಗಾಡಿ ಏರಿನಲ್ಲಿ ಮುಗ್ಗರಿಸುತ್ತದೆ, ಬಿಸಿಯೂ ಹೆಚ್ಚಾಗುತ್ತದೆ. ಈಗಿನ ಪೆಟ್ರೋಲನ್ನೇ ಹಾಕಿಕೊಂಡು ಟ್ಯೂನ್ ಮಾಡಬಲ್ಲ ಹಳೆಯ ಮಿಸ್ತ್ರಿ ಬೇಕು. ಅಗತ್ಯ ಬಿದ್ದರೆ ಮೇನ್ ಜೆಟ್ಟನ್ನು ಒಂದು ನಂಬರು ದೊಡ್ಡದು ಹಾಕುತ್ತಾರೆ. ಲೀಟರಿಗೆ ಬರುವ ಕಿಲೋಮೀಟರ್ ಸ್ವಲ್ಪ ಇಳಿಯುತ್ತದೆ, ಅದನ್ನು ಒಪ್ಪಿಕೊಳ್ಳಬೇಕು. ದುಬಾರಿ ಹೈ ಆಕ್ಟೇನ್ ಪೆಟ್ರೋಲು ಹಾಕಿದರೆ ಶಕ್ತಿ ಬರುತ್ತದೆ ಎಂಬುದು ಸುಳ್ಳು. 1089 ಸಿಸಿಯ ಈ ಇಂಜಿನ್ನಿನ ಕಂಪ್ರೆಷನ್ ಕಡಿಮೆ, ಆ ಆಕ್ಟೇನ್ ಅದಕ್ಕೆ ಲೆಕ್ಕಕ್ಕಿಲ್ಲ. ‘ಹಳೇ ಗಾಡಿಗೆ ಸೀಸದ ಪೆಟ್ರೋಲೇ ಬೇಕು, ಅದರ ಬದಲು ಈ ಬಾಟಲಿ ಹಾಕಿ’ ಎಂದು ಮಾರುವವರೂ ಇದ್ದಾರೆ. ದೇಶದಲ್ಲಿ ಸೀಸದ ಪೆಟ್ರೋಲು ನಿಂತಿದ್ದು 2000ದಲ್ಲಿ. ಅದಾದ ಮೇಲೂ ತಾತ ಎರಡು ದಶಕ ಓಡಿಸಿದ್ದಾರೆ, ಬಾಟಲಿ ಬೇಡ.

ಎಥನಾಲ್ ಪೆಟ್ರೋಲಿಗೆ ನೀರೆಂದರೆ ಪ್ರೀತಿ. ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಬಿಟ್ಟರೆ ತೇವ ಎಳೆದುಕೊಂಡು, ನೀರು ಬೆರೆತ ಎಥನಾಲು ತಳಕ್ಕೆ ಕೂತು ಟ್ಯಾಂಕಿಗೆ ತುಕ್ಕು ಹಿಡಿಸುತ್ತದೆ. ತಿಂಗಳಲ್ಲಿ ಎರಡು ಸಲವಾದರೂ ಓಡಿಸುವ ಹಾಗಿದ್ದರೆ ತುಂಬಿಸಿಡಿ, ಇಲ್ಲದಿದ್ದರೆ ಬೇಕಾದಷ್ಟೇ ಹಾಕಿಸಿ.

ಇಲ್ಲೇ ಹೇಳಿಬಿಡಬೇಕಾದ ಇನ್ನೊಂದು ನಂಬಿಕೆ: ‘ಓಡಿಸದಿದ್ದರೂ ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಐದು ನಿಮಿಷ ಬಿಟ್ಟು ಆಫ್ ಮಾಡಿ’. ಬಹಳ ಒಳ್ಳೆಯ ಮನಸ್ಸಿನವರು ಕೊಡುವ ಕೆಟ್ಟ ಸಲಹೆ ಇದು. ಪೆಟ್ರೋಲು ಉರಿದಾಗ ನೀರಿನ ಆವಿ ಹುಟ್ಟುತ್ತದೆ. ಇಂಜಿನ್ ಪೂರ್ತಿ ಬಿಸಿಯಾಗದಿದ್ದರೆ ಆ ನೀರು ಆಯಿಲಿನಲ್ಲೂ ಸೈಲೆನ್ಸರಿನಲ್ಲೂ ಉಳಿದು ಒಳಗಿನಿಂದ ತಿನ್ನುತ್ತದೆ. ಚೋಕ್ ಎಳೆದಾಗ ಹೋದ ಹೆಚ್ಚಿನ ಪೆಟ್ರೋಲು ಸಿಲಿಂಡರ್ ಗೋಡೆಯ ಆಯಿಲನ್ನು ತೊಳೆಯುತ್ತದೆ. ಸೆಲ್ಫಿಗೆ ಖರ್ಚಾದ ಕರೆಂಟೂ ಬ್ಯಾಟರಿಗೆ ವಾಪಸು ಬರುವುದಿಲ್ಲ. ಸ್ಟಾರ್ಟ್ ಮಾಡಿದರೆ ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿ. ಗುಬ್ಬಿಯಿಂದ ತುಮಕೂರಿಗೆ ಬಿ.ಎಚ್. ರಸ್ತೆಯಲ್ಲಿ ಸುಮಾರು 20 ಕಿಲೋಮೀಟರ್. ಹಳೆಯ ಗಾಡಿಯ ವ್ಯಾಯಾಮಕ್ಕೆ ಹೇಳಿ ಮಾಡಿಸಿದ ದೂರ. ಆಗುವುದಿಲ್ಲವೋ, ಮುಟ್ಟಲೇಬೇಡಿ.

ನೀರಿನ ವಿಷಯಕ್ಕೆ ಬಂದರೆ ನಮ್ಮ ಜಿಲ್ಲೆಯವರು ಬೇರೆಯವರಿಗಿಂತ ಹುಷಾರಾಗಿರಬೇಕು. ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ತಳ ಹೇಗೆ ಬಿಳಿಚಿಕೊಳ್ಳುತ್ತದೆ ಎಂದು ಅಜ್ಜಿಯನ್ನು ಕೇಳಿ. ಅದೇ ಸುಣ್ಣ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಇಂಜಿನ್ನಿನ ನೀರಿನ ದಾರಿಯಲ್ಲೂ ಕಟ್ಟುತ್ತದೆ. ಪದ್ಮಿನಿಯ ಸಿಲಿಂಡರ್ ಹೆಡ್ಡು ಅಲ್ಯುಮಿನಿಯಮ್ಮಿನದು, ಬ್ಲಾಕು ಎರಕದ ಕಬ್ಬಿಣದ್ದು. ಎರಡು ಲೋಹದ ನಡುವೆ ಉಪ್ಪಿನ ನೀರು ಹರಿದರೆ ಅಲ್ಯುಮಿನಿಯಂ ಸವೆಯುತ್ತದೆ. ‘ಹಳೇ ಗಾಡಿ ಬಿಸಿಯಾಗೋದು ಸಹಜ’ ಎಂಬ ಮಾತಿನ ಹಿಂದಿನ ಕಾರಣ ಬಹುಪಾಲು ಇದೇ. ಹೊಸದಿದ್ದಾಗ ಈ ಗಾಡಿ ಏಪ್ರಿಲ್ ಬಿಸಿಲಿನಲ್ಲಿ ಕುದಿಯುತ್ತಿರಲಿಲ್ಲ. ರೇಡಿಯೇಟರ್ ಇಳಿಸಿ ಒಳಗೆ ರಾಡ್ ಹಾಕಿಸಿ ಸ್ವಚ್ಛ ಮಾಡಿಸಿ, ಹೋಸುಗಳನ್ನು ಬದಲಿಸಿ, ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ನೀರಿಗೆ ಕೂಲಂಟ್ ಬೆರೆಸಿ ತುಂಬಿಸಿ. ಥರ್ಮೋಸ್ಟಾಟ್ ಕಿತ್ತು ಬಿಸಾಡುವ ಚಾಳಿ ನಮ್ಮ ಕಡೆ ಇದೆ. ತೆಗೆಯಲು ಬಿಡಬೇಡಿ, ಅದಿಲ್ಲದಿದ್ದರೆ ಇಂಜಿನ್ ಬೆಚ್ಚಗಾಗಲು ಬಹಳ ಹೊತ್ತು ಹಿಡಿಯುತ್ತದೆ, ತಣ್ಣಗೆ ಓಡುವಷ್ಟೂ ಹೊತ್ತು ಸವೆತ ಜಾಸ್ತಿ.

ಆಯಿಲ್ ಸಾದಾ ಮಿನರಲ್ 20ಡಬ್ಲ್ಯೂ-50 ಅಥವಾ 20ಡಬ್ಲ್ಯೂ-40 ಸಾಕು. ತೆಳುವಾದ ಸಿಂಥೆಟಿಕ್ ಹಾಕಿಸಿದರೆ ಹಳೆಯ ಸೀಲುಗಳಿಂದ ಸೋರಿ ನೆಲದ ಮೇಲೆ ರಂಗೋಲಿ ಬಿಡಿಸುತ್ತದೆ. ಕಡಿಮೆ ಓಡಿದರೂ ವರ್ಷಕ್ಕೊಮ್ಮೆ ಬದಲಿಸಿ. ಮುಂದಿನ ಚಕ್ರಗಳು ಎಡಕ್ಕೆ ಬಲಕ್ಕೆ ತಿರುಗುವ ಕೀಲಾದ ಕಿಂಗ್ ಪಿನ್ನಿಗೆ ಗ್ರೀಸ್ ಹೊಡೆಸುವುದನ್ನು ಯಾವ ಹೊಸ ಸರ್ವಿಸ್ ಸೆಂಟರಿನವರೂ ನೆನಪಿಸುವುದಿಲ್ಲ, ಅವರ ಹತ್ತಿರ ಗ್ರೀಸ್ ಗನ್ನೇ ಇರುವುದಿಲ್ಲ. ಲಾರಿ ಕೆಲಸ ಮಾಡುವ ಗ್ಯಾರೇಜಿಗೆ ಹೋಗಿ. ಐದು ನಿಮಿಷದ ಕೆಲಸ. ಆ ಗ್ರೀಸ್ ಇಲ್ಲದೆ ಸ್ಟೇರಿಂಗು ಭಾರವಾಗಿ ಪಿನ್ನು ಸವೆದರೆ ಮಾತ್ರ ದೊಡ್ಡ ಬಿಲ್ಲು.

ಮಾರುತಿ ಇಂಜಿನ್ ಕೂರಿಸುವ ಸಲಹೆಗೆ ನನ್ನ ಉತ್ತರ: ಬೇಡ. ಮಾರುತಿ 800ರ ಇಂಜಿನ್ ಅಡ್ಡಲಾಗಿ ಕೂತು ಮುಂದಿನ ಚಕ್ರ ತಿರುಗಿಸುವಂಥದ್ದು. ನಿಮ್ಮದು ಉದ್ದಕ್ಕೆ ಕೂತು ಪ್ರೊಪೆಲ್ಲರ್ ಶಾಫ್ಟಿನ ಮೂಲಕ ಹಿಂದಿನ ಚಕ್ರ ತಿರುಗಿಸುತ್ತದೆ. ಆ ಗ್ಯಾರೇಜಿನವರ ಮನಸ್ಸಿನಲ್ಲಿರುವುದು ಬಹುಶಃ ಓಮ್ನಿ ಇಂಜಿನ್. ಕೂರಿಸುವುದು ಸಾಧ್ಯ, ಆದರೆ ಮೌಂಟಿಂಗು, ಶಾಫ್ಟು, ಗೇರ್ ಲಿವರು ಎಲ್ಲಕ್ಕೂ ವೆಲ್ಡಿಂಗ್ ಜೋಡಣೆ. ಮುಂದೆ ಏನು ಕೆಟ್ಟರೂ ಅವರೊಬ್ಬರೇ ರಿಪೇರಿ ಮಾಡಬೇಕು. ಅದಕ್ಕಿಂತ ಮುಖ್ಯ, ಇಂಜಿನ್ ನಂಬರ್ ಆರ್‌ಸಿಯಲ್ಲಿ ದಾಖಲಾಗಿರುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಅನುಮತಿ ಇಲ್ಲದೆ ಇಂಥ ಬದಲಾವಣೆ ಮಾಡುವ ಹಾಗಿಲ್ಲ. ಮೊದಲೇ ಅವಧಿ ಮುಗಿದ ಆರ್‌ಸಿಯನ್ನು ಜೀವಂತ ಮಾಡಿಸಲು ಹೊರಟ ನಿಮಗೆ ಬೇರೆ ನಂಬರಿನ ಇಂಜಿನ್ ಅಂದರೆ ಆರ್‌ಟಿಒ ಬಾಗಿಲು ಮುಚ್ಚಿದಂತೆಯೇ. ಅಪಘಾತವಾದರೆ ಇನ್ಶೂರೆನ್ಸಿನವರೂ ಅದನ್ನೇ ಹಿಡಿದುಕೊಳ್ಳುತ್ತಾರೆ.

ಈಗ ಚಿಕ್ಕಪ್ಪನ ಮಾತು. 15 ವರ್ಷ ದಾಟಿದ ಪೆಟ್ರೋಲ್ ಗಾಡಿ, 10 ವರ್ಷ ದಾಟಿದ ಡೀಸೆಲ್ ಗಾಡಿ ಓಡಿಸಬಾರದು ಎಂದು ಹಸಿರು ನ್ಯಾಯಮಂಡಳಿ ಹೇಳಿದ್ದು, 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದು, ದೆಹಲಿ ಮತ್ತು ಅದರ ಸುತ್ತಲಿನ ಪ್ರದೇಶಕ್ಕೆ. 2023ರ ಅಕ್ಟೋಬರ್ ಕೊನೆಯಲ್ಲಿ ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿ ಇಳಿಯಿತು ಎಂಬ ಸುದ್ದಿ ನೋಡಿಯೂ ಬಹಳ ಜನ ಹೆದರಿದರು. ಅದು ಅಲ್ಲಿನ ಟ್ಯಾಕ್ಸಿಗಳಿಗೆ ಇರುವ 20 ವರ್ಷದ ಮಿತಿ. ಕರ್ನಾಟಕದಲ್ಲಿ ಸ್ವಂತ ಬಳಕೆಯ ಕಾರಿಗೆ 15 ವರ್ಷಕ್ಕೆ ಆಯಸ್ಸು ಮುಗಿಯುವುದಿಲ್ಲ. ಆಮೇಲೆ ಐದೈದು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ, ಹಸಿರು ತೆರಿಗೆ ಕಟ್ಟಿ, ನವೀಕರಿಸುತ್ತಾ ಹೋಗಬಹುದು. ಜನ ಇದನ್ನೇ ‘ಎಫ್‌ಸಿ ಮಾಡಿಸೋದು’ ಅನ್ನುತ್ತಾರೆ. ತಾತ 2008, 2013, 2018ರಲ್ಲಿ ಮಾಡಿಸಿದ್ದರಿಂದಲೇ ನಿಮ್ಮ ಆರ್‌ಸಿ 2023ರ ತನಕ ಬಂದಿರುವುದು. ಆದರೆ ಚಿಕ್ಕಪ್ಪ ಹೇಳಿದ್ದು ಇವತ್ತಿನ ಸ್ಥಿತಿಗೆ ಸರಿ. ಅವಧಿ ಮುಗಿದ ಆರ್‌ಸಿ, ಇನ್ಶೂರೆನ್ಸ್ ಇಲ್ಲದ ಗಾಡಿ ರಸ್ತೆಗೆ ಬಂದರೆ ಹಿಡಿಯಲು ಪೊಲೀಸರಿಗೆ ಅಧಿಕಾರ ಇದೆ. ಯಾರಿಗಾದರೂ ಡಿಕ್ಕಿಯಾದರೆ ಪರಿಹಾರ ನಿಮ್ಮ ಮನೆಯಿಂದಲೇ ಹೋಗಬೇಕು. ಊರಿನಿಂದ ಗ್ಯಾರೇಜಿಗೆ, ಗ್ಯಾರೇಜಿನಿಂದ ಆರ್‌ಟಿಒಗೆ ಟೋಯಿಂಗ್ ಗಾಡಿಯಲ್ಲೇ ಹಾಕಿಕೊಂಡು ಹೋಗಿ.

ಕಾಗದದ ಕೆಲಸ ಎರಡು. ಒಂದು ಹೆಸರು ಬದಲಾವಣೆ. ಮಾಲೀಕರು ತೀರಿಕೊಂಡರೆ 30 ದಿನದೊಳಗೆ ಆರ್‌ಟಿಒಗೆ ತಿಳಿಸಿ, ಮೂರು ತಿಂಗಳೊಳಗೆ ನಮೂನೆ 31ರಲ್ಲಿ ಅರ್ಜಿ ಕೊಡಬೇಕು. ನಿಮ್ಮದು ಬಹುಶಃ ದಾಟಿದೆ. ದಂಡ ಕಟ್ಟಬೇಕಾಗುತ್ತದೆ, ಕೆಲಸ ಆಗುವುದಿಲ್ಲ ಅಂತೇನಲ್ಲ. ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ ಅಫಿಡವಿಟ್ ಬೇಕಾಗುತ್ತವೆ. ವಾರಸುದಾರರು ಅಂದರೆ ಅಪ್ಪ, ಚಿಕ್ಕಪ್ಪ ಮಾತ್ರ ಅಲ್ಲ, ಮದುವೆಯಾಗಿ ಹೋದ ಅತ್ತೆಯರೂ ಹೌದು. ಅವರ ಸಹಿ ಇಲ್ಲದೆ ಅರ್ಜಿ ವಾಪಸು ಬಂದದ್ದು ನೋಡಿದ್ದೇನೆ. ತಾತ ಉಯಿಲು ಬರೆದಿಲ್ಲವಾದರೆ ಮೊದಲು ಅಜ್ಜಿಯ ಹೆಸರಿಗೆ ಮಾಡಿಸಿ, ಅಲ್ಲಿಂದ ನಮೂನೆ 29, 30ರಲ್ಲಿ ನಿಮ್ಮ ಹೆಸರಿಗೆ ವರ್ಗಾಯಿಸುವುದು ಸಲೀಸು. 1993ರ ಪುಸ್ತಕದ ಆರ್‌ಸಿಯ ವಿವರ ಸರ್ಕಾರದ ‘ವಾಹನ್’ ಕಂಪ್ಯೂಟರ್ ದಾಖಲೆಯಲ್ಲಿ ಇಲ್ಲದಿದ್ದರೆ ಮೊದಲು ಅದನ್ನು ಏರಿಸಬೇಕು, ಅದಕ್ಕೇ ಒಂದೆರಡು ಓಡಾಟ.

ಎರಡನೆಯದು ನವೀಕರಣ, ನಮೂನೆ 25ರಲ್ಲಿ. 15 ವರ್ಷ ದಾಟಿದ ಕಾರಿಗೆ 2022ರ ಏಪ್ರಿಲ್‌ನಿಂದ ಶುಲ್ಕ 600ರಿಂದ 5,000 ರೂಪಾಯಿಗೆ ಏರಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರುಗಳಿಗೆ ಅದು 10,000 ಆಯಿತು. ತಡವಾದ ಪ್ರತಿ ತಿಂಗಳಿಗೆ 500 ರೂಪಾಯಿ ಹೆಚ್ಚುವರಿ. ಎರಡು ವರ್ಷ ಅಂದರೆ ಅದೇ 12,000. ಈ ದರಗಳು ಆಗಾಗ ಬದಲಾಗುತ್ತಿವೆ, ಕಟ್ಟುವ ದಿನದ ದರ ಕೇಳಿಕೊಂಡೇ ಹೊರಡಿ. ಹೊಗೆ ತಪಾಸಣೆಗೆ ಹೆದರಬೇಡಿ: ನಿಮ್ಮ ಕಾಲದ ಪೆಟ್ರೋಲ್ ಕಾರಿಗೆ ಐಡ್ಲಿಂಗಿನಲ್ಲಿ ಕಾರ್ಬನ್ ಮೊನಾಕ್ಸೈಡ್ ಮಿತಿ ಶೇ. 3, ಹೊಸ ಕಾರಿನಷ್ಟು ಬಿಗಿಯಿಲ್ಲ. ಸರಿಯಾಗಿ ಟ್ಯೂನ್ ಆಗಿದ್ದರೆ ಪಾಸಾಗುತ್ತದೆ. 2019ರ ಏಪ್ರಿಲ್‌ಗೂ ಹಿಂದಿನ ಗಾಡಿಗಳಿಗೂ ಎಚ್‌ಎಸ್‌ಆರ್‌ಪಿ ಎಂಬ ಹೈ ಸೆಕ್ಯುರಿಟಿ ನಂಬರ್ ಪ್ಲೇಟ್ ಬೇಕು. ಕಾರು ಮಾಡಿದ ಕಂಪನಿಯೇ ಈಗ ಕಾರು ಮಾಡುತ್ತಿಲ್ಲವಾದ್ದರಿಂದ ಯಾವ ದಾರಿ ಎಂದು ಆರ್‌ಟಿಒದಲ್ಲೇ ಕೇಳಿ, ರಸ್ತೆ ಬದಿಯ ಅಂಗಡಿಯ ನಕಲಿ ಪ್ಲೇಟ್ ಹಾಕಿಸಬೇಡಿ. ‘ವಿಂಟೇಜ್ ಮಾಡಿಸಿಬಿಡಿ’ ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. 2021ರ ನಿಯಮದಂತೆ ಅದಕ್ಕೆ ಗಾಡಿಗೆ 50 ವರ್ಷ ದಾಟಿರಬೇಕು, ನಿಮ್ಮದಕ್ಕೆ 2043 ಬರಬೇಕು. ಅಷ್ಟೇ ಅಲ್ಲ, ವಿಂಟೇಜ್ ಎಂದು ನೋಂದಾಯಿಸಿದ ಗಾಡಿಯನ್ನು ದಿನಬಳಕೆಗೆ ಓಡಿಸುವಂತಿಲ್ಲ.

ಇನ್ನು ನಿಮ್ಮ ಮುಂದಿರುವ ದಾರಿಗಳು. ಇಟ್ಟುಕೊಂಡು ಓಡಿಸುವುದು ಒಂದು. ಮೊದಲ ವರ್ಷ ಬ್ರೇಕು, ಟೈರು, ಪೆಟ್ರೋಲ್ ದಾರಿ, ರೇಡಿಯೇಟರು, ಕಾಗದ ಇಷ್ಟಕ್ಕೇ ಖರ್ಚು ಮಾಡಿ. ಬಣ್ಣ ಬೇಡವೇ ಬೇಡ. ನಿರ್ಧಾರಕ್ಕೆ ಮೊದಲು ಗಾಡಿ ಎತ್ತಿಸಿ ಕೆಳಗಿನ ತಗಡನ್ನು ಸ್ಕ್ರೂಡ್ರೈವರಿನಿಂದ ತಟ್ಟಿ ನೋಡಿಸಿ. ಮಾಮೂಲಿ ತುಕ್ಕಾದರೆ ಟಿಂಕರಿಂಗ್‌ನವರು ಸರಿಮಾಡುತ್ತಾರೆ. ಹಿಂದಿನ ಲೀಫ್ ಸ್ಪ್ರಿಂಗ್ ಕೂರುವ ಜಾಗ, ಬಾಗಿಲ ಕೆಳಗಿನ ಪಟ್ಟಿ ತೂತು ಬಿದ್ದಿದ್ದರೆ ಕಷ್ಟ: ಈ ಗಾಡಿಗೆ ಬೇರೆ ಚಾಸಿಸ್ ಇಲ್ಲ, ಬಾಡಿಯೇ ಬೆನ್ನೆಲುಬು. ಅಲ್ಲಿ ಖರ್ಚು ಇಂಜಿನ್ನಿಗಿಂತ ಹೆಚ್ಚಾಗುತ್ತದೆ. ಆಗ ಎರಡು ಸಲ ಯೋಚಿಸಿ. ಬ್ರೇಕ್ ಕಿಟ್ಟು, ಪಾಯಿಂಟು, ಕಂಡೆನ್ಸರು, ಕ್ಲಚ್ ಪ್ಲೇಟು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿದರೆ ಸಿಗುತ್ತವೆ. ಗಾಜಿನ ಬೀಡಿಂಗು, ಗ್ರಿಲ್ಲು, ಲೈಟಿನ ಗಾಜು ಸಿಗುವುದು ಕಷ್ಟ. ಬಿಚ್ಚಿದ ಹಳೆಯ ಸಾಮಾನು ಯಾವುದನ್ನೂ ಗ್ಯಾರೇಜಿನಲ್ಲಿ ಬಿಟ್ಟು ಬರಬೇಡಿ.

ಮಾರುವುದು ಇನ್ನೊಂದು ದಾರಿ, ಅದರಲ್ಲಿ ಅಪರಾಧವೇನಿಲ್ಲ. ಮೂಲ ಇಂಜಿನ್, ಜೀವಂತ ಆರ್‌ಸಿ, ಒಬ್ಬರೇ ಮಾಲೀಕರ ಗಾಡಿಗೆ ಆಸಕ್ತರು ಕೊಡುವ ಬೆಲೆಗೂ, ಕಾಗದವಿಲ್ಲದ ಗಾಡಿಗೆ ಸಿಗುವ ಬೆಲೆಗೂ ಬಹಳ ಅಂತರ. ಹಾಗಾಗಿ ಮಾರುವುದಿದ್ದರೂ ಕಾಗದ ಮೊದಲು. ಸುಮ್ಮನೆ ನಿಲ್ಲಿಸಿಡುವುದೇ ಆದರೆ ಪೆಟ್ರೋಲು ಖಾಲಿ ಮಾಡಿ, ಬ್ಯಾಟರಿ ತೆಗೆದು, ಹ್ಯಾಂಡ್ ಬ್ರೇಕ್ ಬಿಡಿಸಿ, ಕೊಟ್ಟಿಗೆಯಿಂದ ಗಾರೆ ನೆಲಕ್ಕೆ ಸ್ಥಳಾಂತರಿಸಿ, ಸ್ಟ್ಯಾಂಡಿನ ಮೇಲೆ ಎತ್ತಿಡಿ. ಗುಜರಿಗೇ ಎಂದು ತೀರ್ಮಾನಿಸಿದರೆ ಬಾಗಿಲಿಗೆ ಬಂದವರಿಗೆ ಕೊಡಬೇಡಿ. ನೋಂದಾಯಿತ ಸ್ಕ್ರ್ಯಾಪ್ ಕೇಂದ್ರಕ್ಕೆ ಕೊಟ್ಟು, ಪ್ರಮಾಣಪತ್ರ ಪಡೆದು, ಆರ್‌ಟಿಒದಲ್ಲಿ ನೋಂದಣಿ ರದ್ದು ಮಾಡಿಸಿ. ಇಲ್ಲದಿದ್ದರೆ ತಾತನ ಹೆಸರಿನ ಚಾಸಿಸ್ ನಂಬರು ಯಾವ ಕದ್ದ ಗಾಡಿಯ ಮೇಲೆ ಓಡಾಡುತ್ತದೋ ಹೇಳಲಾಗದು.

ಉಳಿದದ್ದು ದೇವರಾಯನದುರ್ಗ. ತುಮಕೂರಿನಿಂದ 15 ಕಿಲೋಮೀಟರ್ ಚಿಲ್ಲರೆ, ನಾಮದ ಚಿಲುಮೆಯ ಕಾಡಿನ ದಾರಿ, ಹೆದ್ದಾರಿಯ ಲಾರಿಗಳ ಕಾಟವಿಲ್ಲ. ಪದ್ಮಿನಿಗೆ 50-60ರ ವೇಗ ಹಿತ. ಹೊರಡುವ ಮೊದಲು ಸೀಟ್ ಬೆಲ್ಟ್ ವಿಚಾರ: ಮುಂದಿನ ಸೀಟಿಗೆ ಬೆಲ್ಟ್ ಕಡ್ಡಾಯವಾದದ್ದು 1994ರಿಂದ, ನಿಮ್ಮದರಲ್ಲಿ ಇಲ್ಲದೇ ಇರಬಹುದು. ಗಾಡಿಯ ಬಾಡಿಯ ತಗಡಿಗೆ ಗಟ್ಟಿ ಪ್ಲೇಟ್ ವೆಲ್ಡ್ ಮಾಡಿಸಿ ಬೆಲ್ಟ್ ಹಾಕಿಸಿ. ಸೀಟಿನ ಪೈಪಿಗೆ ಕಟ್ಟಿದ ಬೆಲ್ಟ್ ಬೆಲ್ಟಲ್ಲ. ಏರುವಾಗ ಎರಡನೇ ಗೇರು, ಟೆಂಪರೇಚರ್ ಮುಳ್ಳಿನ ಮೇಲೆ ಕಣ್ಣು. ಮೇಲೆ ತಲುಪಿದ ಕೂಡಲೇ ಆಫ್ ಮಾಡಬೇಡಿ, ಒಂದು ನಿಮಿಷ ಐಡ್ಲಿಂಗಿನಲ್ಲಿ ಬಿಡಿ. ವಾಪಸು ಸ್ಟಾರ್ಟ್ ಆಗಲು ಸತಾಯಿಸಿದರೆ ಬಿಸಿಗೆ ಪೆಟ್ರೋಲು ಆವಿಯಾಗಿದೆ ಅಂತ. ಚೋಕ್ ಎಳೆಯಬೇಡಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಿರಿ. ಆಗಲೂ ಬರದಿದ್ದರೆ ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಹತ್ತು ನಿಮಿಷ ಕಾಯಿರಿ. ಟ್ಯಾಕ್ಸಿ ಡ್ರೈವರುಗಳ ಈ ಹಳೆಯ ಉಪಾಯಕ್ಕಿಂತ ಒಳ್ಳೆಯ ಮದ್ದು ನಾನಂತೂ ಕಂಡಿಲ್ಲ. ಇಳಿಯುವಾಗ ಏರಿದ ಗೇರಿನಲ್ಲೇ ಇಳಿಯಿರಿ. ಡ್ರಮ್ ಬ್ರೇಕನ್ನು ಒಂದೇ ಸಮನೆ ಒತ್ತಿ ಹಿಡಿದರೆ ಬಿಸಿಯಾಗಿ ಹಿಡಿತ ಬಿಟ್ಟುಕೊಡುತ್ತದೆ. ಇಂಜಿನ್ನೇ ತಡೆಯಲಿ, ಬ್ರೇಕನ್ನು ಆಗಾಗ ಒತ್ತಿ ಬಿಡಿ.

ಮೊದಲ ಸಲ ಅಜ್ಜಿ ಬೇಡ. ಆ ಗಾಡಿಯ ಕೆಲಸ ಮಾಡಿದ ಮಿಸ್ತ್ರಿಯನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಭೋಗನರಸಿಂಹನ ಗುಡಿಯ ತನಕ ಒಮ್ಮೆ ಹೋಗಿ ಬನ್ನಿ. ಇಳಿದ ಕೂಡಲೇ ನಾಲ್ಕೂ ಚಕ್ರದ ಹತ್ತಿರ ಅಂಗೈ ಒಯ್ದು ಶಾಖ ನೋಡಿ, ಮುಟ್ಟಬೇಡಿ. ಒಂದು ಚಕ್ರ ಮಾತ್ರ ಉಳಿದವಕ್ಕಿಂತ ಹೆಚ್ಚು ಸುಡುತ್ತಿದ್ದರೆ ಅದರ ಬ್ರೇಕ್ ಕಚ್ಚಿಕೊಂಡಿದೆ, ಮತ್ತೆ ಬಿಚ್ಚಿಸಬೇಕು. ನಾಲ್ಕೂ ಒಂದೇ ಸಮ ಇದ್ದರೆ ಮುಂದಿನ ವಾರ ಅಜ್ಜಿಗೆ ಹೇಳಿ.